ಮುನ್ನೂರ ಹದಿನೆಂಟು ಚಿತ್ರ, ಒಂದು ಬೊಂಬೆ

ನನ್ನ ಕೈಗೆ ಬಂದ ವಸ್ತು ಈ ಲೋಕದಲ್ಲಿ ಕಳೆದುಹೋಗುವ ಪ್ರಶ್ನೆಯೇ ಇಲ್ಲ. ಇದು ಜಂಬದ ಮಾತಲ್ಲ, ವೃತ್ತಿಯ ಮಾತು. ಇಪ್ಪತ್ತೆರಡು ವರ್ಷದಿಂದ ನಾನು ಗ್ರಂಥಾಲಯದಲ್ಲಿ ಸೂಚಿ ತಯಾರಿಸುವ ಕೆಲಸದಲ್ಲಿದ್ದೇನೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಎಷ್ಟನೆಯ ಸಾಲಿನಲ್ಲಿದೆ, ಎಡದಿಂದ ಎಷ್ಟನೆಯದು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಮನೆಯಲ್ಲಿ ಮಾತ್ರ ನನ್ನ ಕನ್ನಡಕ, ನನ್ನ ಕೊಡೆ, ನನ್ನ ಎಡಗಾಲಿನ ಚಪ್ಪಲಿ ಎಲ್ಲಿವೆ ಎಂಬುದು ಹೆಂಡತಿಗೇ ಗೊತ್ತಿರುವುದು. ಅದು ಬೇರೆ ವಿಭಾಗ!

ಹೀಗಿರುವಾಗ ಒಂದು ಸಂಜೆ ನನ್ನ ಹೆಂಡತಿ ಹೊಲಿಗೆ ಯಂತ್ರದ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಳು. ಅವಳು ನಾಟಕದ ಬಟ್ಟೆ ಹೊಲಿಯುವವಳು. ಹನ್ನೊಂದು ವರ್ಷದಿಂದ ಊರಿನ ನಾಟಕ ತಂಡಗಳೆಲ್ಲ ಹರಿದ ರಾಜರನ್ನೂ ಗುಂಡಿ ಕಿತ್ತ ಸೇನಾಪತಿಗಳನ್ನೂ ಅವಳ ಬಳಿಗೆ ಕಳಿಸುತ್ತಿದ್ದವು. ನಡುವೆ ಬಿಡಿಬಿಡಿಯಾಗಿ ಹೊಸದೂ ಬರುತ್ತಿತ್ತು, ಈ ತಿಂಗಳು ಒಬ್ಬ ರಾಣಿ, ಇನ್ನೊಂದು ತಿಂಗಳು ಒಬ್ಬ ಮಂತ್ರಿ. ಒಂದು ಇಡೀ ನಾಟಕ ಅವಳ ಕೈಗೆ ಬಂದದ್ದೇ ಇಲ್ಲ. ಈಗ ಬರುವ ಹಾಗಿತ್ತು. ಊರಿನ ದೊಡ್ಡ ತಂಡ ಹೊಸ ನಾಟಕ ಕಟ್ಟುತ್ತಿತ್ತು, ನಲವತ್ತೆರಡು ಉಡುಪು. ತಂಡದ ಯಜಮಾನಿ ಹೇಳಿ ಕಳಿಸಿದ್ದರು: ನೀವು ಈವರೆಗೆ ಹೊಲಿದ ಎಲ್ಲದರ ಚಿತ್ರ ನಮ್ಮವರು ಕೂತು ನೋಡುವ ಹಾಗೆ ಒಂದು ಕಡೆ ಹಾಕಿ, ಇನ್ನೊಂದು ದೊಡ್ಡ ಅಂಗಡಿಯವರೂ ಆಲ್ಬಮ್ ಕೊಟ್ಟಿದ್ದಾರೆ, ಬರುವ ವಾರ ಬಿಟ್ಟು ಅದರ ಮುಂದಿನ ಶುಕ್ರವಾರ ನಾಲ್ಕು ಗಂಟೆಗೆ ತೀರ್ಮಾನ.

ಆ ಕೆಲಸ ಅವಳಿಗೆ ಬೇಕಿತ್ತು. ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅವತ್ತು ಬೆಳಿಗ್ಗೆಯಿಂದ ಮೂರು ಸಲ ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದಳು.

"ಇಷ್ಟೇ ತಾನೇ?" ಎಂದು ನಾನು ತೋಳು ಮಡಿಸಿ ಎದ್ದು ನಿಂತೆ. "ಫೋಲ್ಡರ್‌ನಲ್ಲಿ ಚಿತ್ರ ಇದೆ. ನನ್ನದೇ ಜಾಲತಾಣ ಇದೆ. ಎಲ್ಲಕ್ಕಿಂತ ಮೇಲಾಗಿ ನಾನಿದ್ದೇನೆ. ಎರಡು ವಾರ ಕೊಡು, ನಿನ್ನ ಒಂದೊಂದು ಗುಂಡಿಯನ್ನೂ ಜನ ಹುಡುಕಿ ನೋಡೋ ಹಾಗೆ ಮಾಡ್ತೀನಿ."

ನನಗೊಂದು ಜಾಲತಾಣವಿರುವ ಸಂಗತಿ ಲೋಕಕ್ಕೆ ಗೊತ್ತಿರಲಿಲ್ಲ. ತಪ್ಪು ಲೋಕದ್ದು. ಸೂಚಿಶಾಸ್ತ್ರದ ಮೇಲೆ ಏಳು ಘನವಾದ ಲೇಖನ ಬರೆದು ಅಲ್ಲಿ ಏರಿಸಿದ್ದೆ. ನಾಲ್ಕು ವರ್ಷದಲ್ಲಿ ಅವನ್ನು ಇಬ್ಬರು ಓದಿದ್ದರು. ಒಬ್ಬ ನಾನು. ಇನ್ನೊಬ್ಬರು ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ, ಅವರೂ ನಾಳೆ ಬಿಸಿಲಿದೆಯೋ ಇಲ್ಲವೋ ನೋಡಲು ಹೋಗಿ ದಾರಿ ತಪ್ಪಿ ಬಂದವರು.

ಹೆಂಡತಿ ಮಾತ್ರ ಗಲ್ಲದಿಂದ ಕೈ ತೆಗೆಯಲಿಲ್ಲ. "ನೀವಿದ್ದೀರಲ್ಲ, ಅದೇ ತೊಂದರೆ. ಎಲ್ಲಾ ಚಿತ್ರದಲ್ಲೂ ನೀವೇ ಇದ್ದೀರಿ."

ಇಲ್ಲಿ ಓದುಗರೆದುರು ಒಂದು ಗುಟ್ಟು ಬಿಚ್ಚಬೇಕು. ನಮ್ಮ ಮನೆಯಲ್ಲಿ ಮೊದಲು ಮರದ ಬೊಂಬೆಯೊಂದಿತ್ತು, ಹೊಲಿದ ಬಟ್ಟೆ ತೊಡಿಸಿ ನೋಡುವಂಥದ್ದು. ತಿರುಗಿಸಿದರೆ ಕಿರ್ರೆನ್ನುತ್ತಿತ್ತು. ಆರು ವರ್ಷದ ಹಿಂದೆ ಒಂದು ಭಾನುವಾರ ಅದನ್ನು ಸರಿಮಾಡುತ್ತೇನೆಂದು ನಾನು ಒಂದೇ ಒಂದು ತಿರುಪು ಬಿಚ್ಚಿದೆ. ಬೊಂಬೆ ನಾಲ್ಕು ತುಂಡಾಗಿ ನನ್ನ ಕಾಲ ಮೇಲೆ ಮಲಗಿತು. ಹೆಂಡತಿ ಬಂದು ನೋಡಿದಳು. ವಿಚಾರಣೆಯಿಲ್ಲ, ವಾದವಿಲ್ಲ, ನೇರ ತೀರ್ಪು: "ಮುರಿದವರೇ ಬೊಂಬೆ ಆಗ್ಬೇಕು." ಅಂದಿನಿಂದ ಅವಳು ಹೊಲಿದದ್ದನ್ನೆಲ್ಲ ಮೊದಲು ತೊಟ್ಟವನು ನಾನು. ಹೊಟ್ಟೆಗೆ ದಿಂಬು ಕಟ್ಟಿದರೆ ರಾಜ, ಉಸಿರು ಬಿಗಿಹಿಡಿದರೆ ರಾಜಕುಮಾರ, ಸುಮ್ಮನೆ ಇದ್ದ ಹಾಗೇ ಇದ್ದರೆ ಮಂತ್ರಿ. ನಡುವೆ ಏನಾದರೂ ಹೇಳಲು ಹೋದರೆ ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಬೊಂಬೆ ಮಾತಾಡಲ್ಲ" ಎನ್ನುವಳು.

ಫೋಟೋ ತೆಗೆದಿಡುವುದೂ ಅಂದಿನಿಂದಲೇ ಶುರುವಾದದ್ದು, ತೆಗೆಯುವವರು ಅತ್ತೆ. "ಫೋಟೋ ಅಂದ್ಮೇಲೆ ಮುಖ ಬರ್ಬೇಕು" ಎಂಬುದು ಅವರ ಸಿದ್ಧಾಂತ. ಮುಖದ ಜೊತೆ ಅರ್ಧ ಮನೆಯೂ ಬರುತ್ತಿತ್ತು. ನಾನೋ, ಸುಮ್ಮನೆ ನಿಂತು ಹೊತ್ತು ಕಳೆಯುವ ಜಾತಿಯವನಲ್ಲ. ತೊಟ್ಟ ಬಟ್ಟೆಯಲ್ಲೇ ಮನೆಗೆಲಸ ಮುಗಿಸುತ್ತಿದ್ದೆ. ಹೀಗಾಗಿ ಆ ಫೋಲ್ಡರ್‌ನಲ್ಲಿ ಹಸಿರು ರೇಷ್ಮೆಯ ಮಹಾರಾಣಿ ಸ್ಟೂಲ್ ಹತ್ತಿ ಬಲ್ಬ್ ಬದಲಿಸುತ್ತಿದ್ದಳು. ಸೇನಾಪತಿ ಈರುಳ್ಳಿ ಹೆಚ್ಚಿ ಅಳುತ್ತಿದ್ದ. ಮಹಾಮಂತ್ರಿ ಎರಡೂ ಕೈ ಚಾಚಿ ಅಟ್ಟದಿಂದ ಟ್ರಂಕು ಇಳಿಸುತ್ತಿದ್ದ. ವಿದೂಷಕ ಬಗ್ಗಿ ಮಂಚದಡಿಯಿಂದ ನನ್ನ ಎಡಗಾಲಿನ ಚಪ್ಪಲಿಯನ್ನು ಕೋಲಿನಲ್ಲಿ ಎಳೆಯುತ್ತಿದ್ದ. ಎಲ್ಲರಿಗೂ ಒಂದೇ ಮೀಸೆ, ಒಂದೇ ಕನ್ನಡಕ.

"ರಾಣಿ ಬಟ್ಟೆ ಮೇಲೆ ನಿಮ್ಮ ಮೀಸೆ ಕಂಡ್ರೆ ಯಾರು ಕೆಲಸ ಕೊಡ್ತಾರೆ? ಕತ್ತಿನಿಂದ ಮೇಲೆ ಕತ್ತರಿಸಿ ಹಾಕಿ" ಎಂದಳು ಹೆಂಡತಿ.

ಬೇರೆ ಯಾರಾದರೂ ಆಗಿದ್ದರೆ ಕಚಕಚನೆ ಕತ್ತರಿಸಿ ಮುಗಿಸುತ್ತಿದ್ದರು. ಆದರೆ ನಾನು ಗ್ರಂಥಾಲಯದವನು! ನಮ್ಮಲ್ಲಿ ಮೂಲಪ್ರತಿಗೆ ಕತ್ತರಿ ಹಾಕುವುದೆಂದರೆ ಹೆತ್ತ ತಾಯಿಗೆ ಎದುರು ಮಾತಾಡಿದಷ್ಟು ಪಾಪ. ಹುಳು ತಿಂದ ಪುಟವನ್ನೂ ನಾವು ಹುಳುವಿನ ಸಮೇತ ಕಾಪಾಡುವವರು. ಆದ್ದರಿಂದ ಮೂಲವನ್ನು ಹಾಗೇ ಬಿಟ್ಟು ಪ್ರತಿಯೊಂದಕ್ಕೂ ಒಂದು ಚಿಕ್ಕ ನಕಲು ಮಾಡಿ, ನಕಲಿನ ತಲೆ ಮಾತ್ರ ತೆಗೆಯುವುದೆಂದು ತೀರ್ಮಾನಿಸಿದೆ. ಹೆಂಡತಿ, "ಏನಾದ್ರೂ ಮಾಡ್ಕೊಳ್ಳಿ, ತಲೆ ಕಾಣ್ಬಾರ್ದು ಅಷ್ಟೇ" ಎಂದು ಮತ್ತೆ ಯಂತ್ರ ತುಳಿಯತೊಡಗಿದಳು.

ಆಫೀಸಿನಿಂದ ಬಂದವನೇ ದಿನಾ ಸಂಜೆ ಕೂತು ನನ್ನ ತಲೆಯನ್ನು ನಾನೇ ಕತ್ತರಿಸಿದೆ. ಮುನ್ನೂರ ಹದಿನೆಂಟು ಸಲ! ಯಾವ ದುಷ್ಟ ರಾಜನೂ ಒಬ್ಬನೇ ಮನುಷ್ಯನಿಗೆ ಇಷ್ಟೊಂದು ಸಲ ಶಿರಚ್ಛೇದ ಮಾಡಿಸಿರಲಾರ. ಆಮೇಲೆ ನನ್ನ ವಿದ್ಯೆಯನ್ನೆಲ್ಲ ಸುರಿದು ಸೂಚಿ ಕಟ್ಟಿದೆ. ಬಣ್ಣದಿಂದ ಹುಡುಕಬಹುದು, ತೋಳಿನ ಉದ್ದದಿಂದ ಹುಡುಕಬಹುದು, ಕಾಲರಿನಿಂದ, ಗುಂಡಿಯ ಸಂಖ್ಯೆಯಿಂದ, ಪಾತ್ರದ ಅಂತಸ್ತಿನಿಂದ ಹುಡುಕಬಹುದು. 'ರಾಜವಂಶ' ಒತ್ತಿದರೆ ಅರಮನೆಯೇ ಸಾಲಾಗಿ ಬಂದು ನಿಲ್ಲುತ್ತಿತ್ತು, ಒಬ್ಬರಿಗೂ ತಲೆಯಿಲ್ಲದೆ. ಅತ್ತೆ ಒಮ್ಮೆ ಹಿಂದಿನಿಂದ ಇಣುಕಿ, "ಪಾಪ, ಎಲ್ಲಾ ಯುದ್ಧದಲ್ಲಿ ಹೋದೋರಾ?" ಎಂದು ಕೇಳಿ ಹೋದರು.

ಚಿತ್ರಗಳನ್ನು ಪುಟಪುಟವಾಗಿ ಜೋಡಿಸಲು ಒಂದು ಸಿದ್ಧ ಪ್ರೋಗ್ರಾಂ ತಂದುಕೊಂಡಿದ್ದೆ. ಅದು ಕೊನೆಗೆ ನನ್ನನ್ನು ಎರಡು ಪ್ರಶ್ನೆ ಕೇಳಿತು. ಚಿಕ್ಕ ಚಿತ್ರಗಳು ಎಲ್ಲಿವೆ? ತೋರಿಸಿದೆ. ಚಿಕ್ಕದನ್ನು ಒತ್ತಿದರೆ ತೆರೆಯಬೇಕಾದ ಮೂಲಚಿತ್ರಗಳು ಎಲ್ಲಿವೆ? ಆಹಾ, ನನ್ನ ಎದೆ ಉಬ್ಬಿತು. ಮೂಲಪ್ರತಿಯ ಬೆಲೆ ತಿಳಿದ ಪ್ರೋಗ್ರಾಂ ಇದು, ನಮ್ಮವರ ಪೈಕಿ! ಸೂಚಿ ಎಂದರೆ ಬಾಗಿಲು, ಬಾಗಿಲು ತೆರೆದವನಿಗೆ ಮೂಲವೇ ಸಿಗಬೇಕು ಎಂದು ನನ್ನ ಮೂರನೆಯ ಲೇಖನದಲ್ಲಿ ನಾನೇ ಬರೆದಿದ್ದೇನೆ. ಹೆಮ್ಮೆಯಿಂದ ಮೂಲದ ಫೋಲ್ಡರ್ ತೋರಿಸಿದೆ. ಆ ಮೂಲಗಳ ಕತ್ತಿನ ಮೇಲೆ ಏನಿದೆ ಎಂಬುದು ಮಾತ್ರ ಆ ಹೊತ್ತಿಗೆ ನೆನಪಾಗಲಿಲ್ಲ. ಎಷ್ಟಾದರೂ ಎರಡು ವಾರ ತಲೆಯಿಲ್ಲದವರ ಸಹವಾಸ.

ಗುರುವಾರ ಸಂಜೆ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕಣ್ಣರಳಿಸಿ ನೋಡಿದಳು. ಆರು ವರ್ಷದಲ್ಲಿ ತನ್ನ ಕೈಯಿಂದ ಇಷ್ಟೆಲ್ಲ ಹೊರಬಂದಿದೆ ಎಂದು ಅವಳಿಗೇ ತಿಳಿದಿರಲಿಲ್ಲ. ಇದೇನಿದು, ಇದರ ಅಂಚು ಎಷ್ಟು ಚೆನ್ನಾಗಿ ಬಂದಿತ್ತು ಎನ್ನುತ್ತ ಒಂದು ಚಿತ್ರ ಒತ್ತಲು ಬೆರಳು ಚಾಚಿದಳು. ನಾನು ಥಟ್ಟನೆ ತಡೆದೆ. "ಮುಟ್ಟಬೇಡ, ಕೈಯೆಲ್ಲ ಸೀಮೆಸುಣ್ಣ!" ಆ ಬೆರಳನ್ನು ತಡೆದ ಕೈಯನ್ನು ಇವತ್ತಿಗೂ ನಾನು ಬೈಯುತ್ತಿರುತ್ತೇನೆ. ಅದೇ ಸಂಜೆ ತಂಡದ ಯಜಮಾನಿಗೆ ವಿಳಾಸ ಕಳಿಸಿದ್ದಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಮನೆಯೊಳಗೇ ಹೋಗುತ್ತಿತ್ತು. ಆದರೆ ಶುಕ್ರವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ಸಿಬ್ಬಂದಿ ಸಭೆಯಿತ್ತು. ಅಲ್ಲಿ ನನ್ನ ಗತ್ತೇ ಬೇರೆ. ಓದುವ ಕೋಣೆಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಸಾಕು, ಕಂಬದ ಹಿಂದಿನಿಂದ "ಶ್!" ಎಂದು ಎದ್ದುಬರುವವನು ನಾನು. ಓದುಗರು ನನಗೆ 'ಶ್ ಸಾಹೇಬ್ರು' ಎಂದೇ ಹೆಸರಿಟ್ಟಿದ್ದಾರೆ. ಇನ್ನು ನಮ್ಮ ಮುಖ್ಯಾಧಿಕಾರಿ. ಅವರು ನಕ್ಕದ್ದನ್ನು ಕಂಡವರು ಯಾರೂ ಈಗ ನೌಕರಿಯಲ್ಲಿಲ್ಲ. ಅವರ ಮುಂದೆ ನಾನು ಎದ್ದು ನಿಂತು, ಸರ್, ಆದರ್ಶ ಸೂಚಿ ಹೇಗಿರಬೇಕು ಎಂಬುದಕ್ಕೆ ಮನೆಯಲ್ಲೇ ಒಂದು ಮಾದರಿ ಕಟ್ಟಿದ್ದೇನೆ, ಅಪ್ಪಣೆಯಾದರೆ ತೋರಿಸುತ್ತೇನೆ ಎಂದೆ. ಗೋಡೆಯ ದೊಡ್ಡ ಪರದೆ ಬೆಳಗಿತು.

ಹತ್ತು ನಿಮಿಷ ನಾನು ಭಾಷಣ ಮಾಡಿದೆ. ಮುಖ್ಯಾಧಿಕಾರಿ ತಲೆದೂಗಿದರು. "ಹಸಿರು, ಉದ್ದ ತೋಳು, ರಾಣಿ" ಎಂದು ಅವರೇ ಆರಿಸಿದರು. ತಲೆಯಿಲ್ಲದ ರಾಣಿ ಬಂದಳು. "ಇದನ್ನ ಒತ್ತಿದ್ರೆ?" ಎಂದು ಕೇಳಿದರು. "ಮೂಲಪ್ರತಿ ತೆರೆದುಕೊಳ್ಳುತ್ತೆ ಸರ್" ಎಂದೆ ಎದೆ ಸೆಟೆಸಿ.

ಒತ್ತಿದರು.

ಗೋಡೆಯಷ್ಟು ದೊಡ್ಡ ಮಹಾರಾಣಿ ಸ್ಟೂಲಿನ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಬಲ್ಬು, ಹಲ್ಲಿನ ನಡುವೆ ಹೊಸ ಬಲ್ಬಿನ ರಟ್ಟಿನ ಡಬ್ಬಿ, ಅದರ ಮೇಲೆ ನನ್ನ ಮೀಸೆ, ಅದರ ಮೇಲೆ ನನ್ನ ಕನ್ನಡಕ. ಹಿಂದೆ ಹಗ್ಗದ ಮೇಲೆ ನನ್ನ ತೂತು ಬನಿಯನ್ನು. ಇಪ್ಪತ್ತೆರಡು ವರ್ಷದಲ್ಲಿ ನಾನು "ಶ್" ಎನ್ನದೆಯೇ ಆ ಕಟ್ಟಡದಲ್ಲಿ ಅಂಥ ಮೌನ ಆವರಿಸಿದ್ದು ಅದೇ ಮೊದಲು.

ಮುಖ್ಯಾಧಿಕಾರಿ ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. "ಇದು ಮೂಲವೇ ಏನ್ರೀ?" ಎಂದು ಮೆಲ್ಲಗೆ ಕೇಳಿದರು.

"ಹೌದು ಸರ್."

ಅವರು ಮುಂದಿನದನ್ನು ಒತ್ತಿದರು. ಸೇನಾಪತಿ ಈರುಳ್ಳಿ ಹೆಚ್ಚಿ ಅಳುತ್ತ ಬಂದ. ಪತ್ರಿಕೆ ವಿಭಾಗದವರು ಮೇಜಿನಡಿಗೆ ಜಾರಿದರು. ವಿದೂಷಕ ಬರುವ ಹೊತ್ತಿಗೆ ಮುಖ್ಯಾಧಿಕಾರಿಯ ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತ್ತು. ಆಗ ಬಾಗಿಲು ತೆರೆಯಿತು. ದಿನಾ ನನ್ನಿಂದ ಗದರಿಸಿಕೊಳ್ಳುವ ಮುದುಕರೊಬ್ಬರು ಓದುವ ಕೋಣೆಯಿಂದ ಎದ್ದು ಬಂದು, ತುಟಿಗೆ ಬೆರಳಿಟ್ಟು, ನನ್ನನ್ನೇ ನೋಡಿ, ಜನ್ಮದ ಸೇಡು ತೀರುವ ಹಾಗೆ ಉದ್ದಕ್ಕೆ ಹೇಳಿದರು: "ಶ್..."

ನನ್ನ ಮಾನ ಹೋದದ್ದಕ್ಕೆ ನಾನು ಅಳುವವನಲ್ಲ, ಅದು ಹೋಗಿ ಬಂದು ಮಾಡುವುದು ಹೊಸದೇನಲ್ಲ. ಎದೆ ಧಸಕ್ಕೆಂದದ್ದು ಬೇರೆ ಕಾರಣಕ್ಕೆ. ಇದೇ ವಿಳಾಸ ನಾಟಕದ ಯಜಮಾನಿಯ ಕೈಯಲ್ಲೂ ಇದೆ! ನಾಲ್ಕು ಗಂಟೆಗೆ ತೀರ್ಮಾನ. ಗಡಿಯಾರ ನೋಡಿದೆ, ಹನ್ನೊಂದೂವರೆ. ಈಗಲೇ ಮೂಲಗಳನ್ನು ತೆಗೆದುಬಿಟ್ಟರೆ ಉಳಿದುಕೊಳ್ಳಬಹುದು. ಆದರೆ ಜಾಲತಾಣದ ಒಳಹೋಗಲು ಗುಪ್ತಪದ ಬೇಕು. ಅದನ್ನು ನಾನು ಒಂದು ನೀಲಿ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೆ. ಆ ಪುಸ್ತಕವನ್ನು ಮನೆಯಲ್ಲಿ ಬಹಳ ಭದ್ರವಾದ ಜಾಗದಲ್ಲಿ ಇಟ್ಟಿದ್ದೆ. ಆ ಜಾಗ ಯಾವುದೆಂದು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಅರ್ಧ ದಿನ ರಜೆ ಬರೆದು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ. ಕಪಾಟು ಸುರಿದೆ, ಹಾಸಿಗೆ ಮಗುಚಿದೆ, ಅಕ್ಕಿ ಡಬ್ಬಕ್ಕೂ ಕೈ ಹಾಕಿದೆ. ಅತ್ತೆ ಕುರ್ಚಿಯಲ್ಲಿ ಕೂತು ನನ್ನ ಕುಣಿತವನ್ನು ಸಾವಧಾನವಾಗಿ ನೋಡಿದರು. ಕೊನೆಗೆ ಸೋತು ಅವರನ್ನೇ ಕೇಳಿದೆ.

"ನೀಲಿ ಪುಸ್ತಕಾನಾ ಅಳಿಯಂದ್ರೇ? ಅದು ಮೆಷಿನ್ ಕಾಲಡಿ ಇದೆ. ಮೆಷಿನ್ ಅಲ್ಲಾಡ್ತಿತ್ತು, ನಾನೇ ಮಡಿಸಿ ಇಟ್ಟೆ. ಸರಿಯಾಗಿ ಕೂತಿದೆ ನೋಡಿ."

ಯಂತ್ರದ ಮುಂದೆ ಹೆಂಡತಿ ಕೂತಿದ್ದಳು. ತೀರ್ಮಾನ ಅವಳ ಕಡೆಗಾದರೆ ತಕ್ಷಣ ತೋರಿಸಲೆಂದು ಹೊಸ ನಾಟಕದ ರಾಜನಿಗೆ ಮಾದರಿ ಕಾಲರೊಂದನ್ನು ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ. ನಾನು ಹತ್ತಿರ ಹೋಗಿ, ಸ್ವಲ್ಪ ಏಳು, ಯಂತ್ರದಡಿ ಧೂಳಾಗಿದೆ, ಗುಡಿಸುತ್ತೇನೆ ಎಂದೆ.

ಅವಳು ಯಂತ್ರ ನಿಲ್ಲಿಸಿದಳು. ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದಳು. "ಮದುವೆ ಆದ್ಮೇಲೆ ನಿಮ್ಮ ಕಣ್ಣಿಗೆ ಧೂಳು ಕಂಡಿದ್ದು ಇದೇ ಮೊದಲು. ಏನು ಮಾಡ್ಕೊಂಡು ಬಂದ್ರಿ, ಹೇಳಿ."

ಹೇಳಿದೆ. ಮೂಲಪ್ರತಿಯ ಪವಿತ್ರತೆಯಿಂದ ಶುರುಮಾಡಿ ಪತ್ರಿಕೆ ವಿಭಾಗದವರು ಮೇಜಿನಡಿ ಜಾರಿದ್ದರವರೆಗೆ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಎಲ್ಲಾದ್ರಲ್ಲೂ ಮುಖ ಇದೆಯಾ?"

"ಎಲ್ಲಾದ್ರಲ್ಲೂ."

"ಬಲ್ಬ್ ಹಾಕ್ತಿರೋದೂ?"

"ಅದೇ ಮೊದಲನೇದು."

ಅವಳು ಕಾಲರನ್ನು ಯಂತ್ರದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೈಯಿಂದ ಸವರಿದಳು. "ಹನ್ನೊಂದು ವರ್ಷ ಬೇರೆಯವರು ಹೊಲಿದದ್ದು ಹರಿದಾಗ ನಾನು ಕೂಡಿಸಿದೆ. ಪರದೆ ಎದ್ದಾಗ ವೇದಿಕೆ ಮೇಲೆ ಎಲ್ಲಾ ನಾನೇ ಹೊಲಿದದ್ದು ಇರ್ಬೇಕು ಅಂತ ಒಂದು ಆಸೆ ಇತ್ತು. ಅಷ್ಟೇ."

ಅಷ್ಟೇ ಎಂಬ ಆ ಮಾತು ನನ್ನನ್ನು ನೆಲಕ್ಕೆ ಇಳಿಸಿತು. ಎರಡು ವಾರ ನಾನು ಕಟ್ಟಿದ್ದು ಅವಳ ಹೊಲಿಗೆಯ ಸೂಚಿಯಲ್ಲ, ನನ್ನ ಜಾಣತನದ ಸೂಚಿ. ಅವಳು ಕೇಳಿದ್ದು ಒಂದೇ, ತಲೆ ಕಾಣಬಾರದು. ಮುಖ ಎಲ್ಲಿಡಲಿ ಎಂದು ತಿಳಿಯದೆ ಬಗ್ಗಿ ಯಂತ್ರದ ಕಾಲು ಎತ್ತಿದೆ, ಒಂದು ಕೈಯಿಂದ ಪುಸ್ತಕ ಎಳೆಯತೊಡಗಿದೆ. ಅದೇ ಕ್ಷಣಕ್ಕೆ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ನಾಟಕದ ಯಜಮಾನಿ.

ಹೆಂಡತಿ ಒಂದು ಗಳಿಗೆ ಫೋನನ್ನೇ ನೋಡಿದಳು. ಆಮೇಲೆ ಸ್ಪೀಕರ್ ಒತ್ತಿ ಪಕ್ಕದಲ್ಲಿಟ್ಟಳು. ಕೇಳುವುದನ್ನು ಮೂವರೂ ಒಟ್ಟಿಗೆ ಕೇಳೋಣ ಎಂಬಂತೆ. ನಾನು ಯಂತ್ರ ಎತ್ತಿ ಹಿಡಿದೇ ಇದ್ದೆ.

"ನೋಡಮ್ಮಾ, ನಾಲ್ಕು ಗಂಟೆವರೆಗೂ ಕಾಯೋದೇನೂ ಬೇಡ ಅಂತ ಈಗಲೇ ಫೋನ್ ಮಾಡ್ದೆ" ಎಂದರು ಯಜಮಾನಿ. ನಾನು ಎತ್ತಿ ಹಿಡಿದ ಯಂತ್ರ ಅರ್ಧ ಇಂಚು ಜಾರಿತು. "ಬೆಳಿಗ್ಗೆಯಿಂದ ನಮ್ಮಲ್ಲಿ ತಾಲೀಮು ನಿಂತುಹೋಗಿದೆ. ಎಲ್ಲರೂ ನಿಮ್ಮ ಚಿತ್ರಾನೇ ನೋಡ್ತಾ ಕೂತಿದ್ದಾರೆ."

ಹೆಂಡತಿ ಕಣ್ಣು ಮುಚ್ಚಿದಳು.

"ಆ ಅಂಗಡಿಯವರ ಆಲ್ಬಮ್‌ನಲ್ಲಿ ಬಟ್ಟೆ ಎಲ್ಲಾ ನೆಟ್ಟಗೆ ನಿಂತಿವೆ, ಬೊಂಬೆ ಮೇಲೆ. ನಮ್ಮ ನಟರು ನಿಲ್ಲೋರಲ್ಲಮ್ಮ. ಓಡ್ತಾರೆ, ಬೀಳ್ತಾರೆ. ಹೋದ ನಾಟಕದಲ್ಲಿ ನಮ್ಮ ಸೇನಾಪತಿ ಕತ್ತಿ ಎತ್ತಿದ, ಕಂಕುಳು ಪರ್ರ್ ಅಂತು, ಸಾಯೋ ದೃಶ್ಯದಲ್ಲಿ ಜನ ನಕ್ಕುಬಿಟ್ರು. ನಿಮ್ಮಲ್ಲಿ ಆ ಮನುಷ್ಯ ಎರಡೂ ಕೈ ಎತ್ತಿ ಟ್ರಂಕ್ ಇಳಿಸ್ತಿದ್ದಾನೆ, ಮಂಚದ ಕೆಳಗೆ ನುಗ್ಗಿದ್ದಾನೆ, ಸ್ಟೂಲ್ ಹತ್ತಿದ್ದಾನೆ. ಒಂದೇ ಒಂದು ಹೊಲಿಗೆ ಬಿಟ್ಟಿಲ್ಲ. ನಾವು ದೊಡ್ಡದು ಮಾಡಿಮಾಡಿ ನೋಡಿದ್ವಿ. ಕೆಲಸ ನಿಮ್ದೇ. ನಲವತ್ತೆರಡೂ."

ಹೆಂಡತಿ ಕಾಲರನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದಳು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳನ್ನು ನೋಡಿ ನಾನು ಹೋ ಎಂದು ಕೂಗಿಬಿಟ್ಟೆ, ಸಂತೋಷಕ್ಕೆ ಅರ್ಧ, ಯಂತ್ರದ ಭಾರಕ್ಕೆ ಅರ್ಧ.

"ಒಂದು ಷರತ್ತು ಇದೆ" ಎಂದರು ಯಜಮಾನಿ. "ನಲವತ್ತೆರಡನ್ನೂ ಮೊದಲು ಆತನಿಗೇ ಹಾಕಿ, ಮನೆಗೆಲಸ ಮಾಡಿಸಿ, ಫೋಟೋ ಕಳಿಸ್ಬೇಕು. ಮುಖ ಕತ್ತರಿಸ್ಬೇಡಿ. ನಮ್ಮ ನಟರಿಗೆ ಅಭಿನಯ ಕಲಿಯೋಕೆ ಬೇಕು."

ಫೋನಿಟ್ಟ ಮೇಲೆ ಮೊದಲು ಬಾಯಿ ಬಿಟ್ಟವರು ಅತ್ತೆ. "ನಾನು ಯಾವಾಗ್ಲೂ ಹೇಳ್ತಿರ್ಲಿಲ್ವಾ, ಫೋಟೋ ಅಂದ್ಮೇಲೆ ಮುಖ ಬರ್ಬೇಕು." ಆಮೇಲೆ ನನ್ನ ಕಡೆ ತಿರುಗಿ, ಆ ಯಂತ್ರ ಇಳಿಸಿ ಅಳಿಯಂದ್ರೇ, ಪುಸ್ತಕ ಮಾತ್ರ ಅಲ್ಲೇ ಇರಲಿ, ಇಲ್ಲದಿದ್ದರೆ ಮತ್ತೆ ಅಲ್ಲಾಡುತ್ತದೆ ಎಂದರು. ಗುಪ್ತಪದವನ್ನು ಇನ್ನೊಂದು ಕಾಗದಕ್ಕೆ ಇಳಿಸಿಕೊಂಡು ಪುಸ್ತಕವನ್ನು ಮಡಿಸಿ ಅಲ್ಲೇ ಇಟ್ಟೆ. ಈಗ ಅದು ಎಲ್ಲಿದೆ ಎಂದು ನನಗೆ ಖಚಿತವಾಗಿ ಗೊತ್ತು.

ಈ ಮಾತಿಗೆ ಒಂದೂವರೆ ತಿಂಗಳಾಯಿತು. ಹತ್ತೊಂಬತ್ತು ಉಡುಪು ಮುಗಿದಿವೆ. ನಿನ್ನೆ ನಾನು ವೃದ್ಧ ಚಕ್ರವರ್ತಿಯಾಗಿ ಪಾತ್ರೆ ತೊಳೆದೆ. ಮೊನ್ನೆ ರಾಜಕುಮಾರಿಯಾಗಿ ನಲ್ಲಿ ರಿಪೇರಿ ಮಾಡಿದೆ. ನಾಲ್ಕು ವರ್ಷದಲ್ಲಿ ಇಬ್ಬರೇ ಬಂದಿದ್ದ ನನ್ನ ಜಾಲತಾಣಕ್ಕೆ ಈಗ ದಿನಾ ನೂರಾರು ಜನ. ಸೂಚಿಶಾಸ್ತ್ರದ ಲೇಖನಗಳನ್ನು ಮಾತ್ರ ಈ ಹೊಸಬರು ಯಾರೂ ಮುಟ್ಟಿಲ್ಲ. ಮುಖ್ಯಾಧಿಕಾರಿ ಪ್ರತಿ ಸೋಮವಾರ ನನ್ನ ಮೇಜಿನ ಬಳಿ ಬಂದು, ಸುತ್ತ ನೋಡಿ, ಈ ವಾರ ಯಾರು ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿ ಹೋಗುತ್ತಾರೆ.

ಹೋದ ವಾರ ಹೆಂಡತಿ, ಜಾಲತಾಣಕ್ಕೆ ತಾನೇ ಒಂದು ಪುಟ ಸೇರಿಸಬೇಕು, ಹೇಗೆಂದು ಹೇಳಿಕೊಡಿ ಎಂದಳು. ನನಗೆ ಪರಮಾನಂದ! ಕೂತು ಹೇಳಿಕೊಟ್ಟೆ. ನೋಡು, ಯಾವ ವಸ್ತುವಾದರೂ ಸರಿಯಾದ ತಲೆಬರಹದಡಿ ಇರಬೇಕು, ಎಷ್ಟಿವೆ, ಯಾವ ಸ್ಥಿತಿಯಲ್ಲಿವೆ ಎಂದು ಚುಟುಕಾಗಿ ಬರೆಯಬೇಕು, ಒತ್ತಿದರೆ ಮೂಲ ಸಿಗಬೇಕು ಎಂದೆ. ಅವಳು ವಿದ್ಯಾರ್ಥಿನಿಯ ಹಾಗೆ ಎಲ್ಲವನ್ನೂ ಬರೆದುಕೊಂಡಳು.

ಮರುದಿನ ಆಫೀಸಿನಲ್ಲಿ ಬಿಡುವಾದಾಗ ತೆರೆದು ನೋಡಿದೆ. ಅಚ್ಚುಕಟ್ಟಾದ ಪುಟ. ಸೂಚಿ ಕಟ್ಟಿದವನ ಹೆಸರು ಎಲ್ಲಾದರೂ ಹಾಕಿರುತ್ತಾಳೆ ಎಂದು ಮೇಲಿಂದ ಕೆಳಗೆ ಹುಡುಕಿದೆ. ಪುಟದ ತಲೆಬರಹ 'ನಮ್ಮ ಸಲಕರಣೆಗಳು'. ಹೊಲಿಗೆ ಯಂತ್ರ: ಒಂದು, ಈಗ ಅಲ್ಲಾಡುವುದಿಲ್ಲ. ಕತ್ತರಿ: ನಾಲ್ಕು, ಹರಿತವಾಗಿವೆ. ಇಸ್ತ್ರಿಪೆಟ್ಟಿಗೆ: ಒಂದು. ಬೊಂಬೆ: ಒಂದು, ಹಳೆಯದು, ಗಟ್ಟಿಮುಟ್ಟು. ಕೈಕಾಲು ಆಡುತ್ತವೆ. ಮನೆಗೆಲಸಕ್ಕೂ ಬರುತ್ತದೆ. ಮಾತು ಮಾತ್ರ ನಿಲ್ಲಿಸಲು ಬರುವುದಿಲ್ಲ.

ಆ ಕೊನೆಯ ಸಾಲನ್ನು ಒತ್ತಿ ನೋಡಿದೆ. ನಾನು ಹೇಳಿಕೊಟ್ಟಿದ್ದ ಹಾಗೆಯೇ, ಮೂಲಪ್ರತಿ ತೆರೆದುಕೊಂಡಿತು, ಮೀಸೆ ಕನ್ನಡಕದ ಸಮೇತ.